ನಾಲ್ಕು ಹೊಲಿಗೆ ಮುಂದೆ, ಒಂದು ಹಿಂದೆ

ಸತ್ತವರು ಬಂದು ಹೋಗುತ್ತಾರೆಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಐದಾರು ವರ್ಷಗಳ ಹಿಂದೆ, ರಾಯಚೂರಿನಲ್ಲಿ ಸಮಾಜಕಾರ್ಯ ಓದುತ್ತ ಆಪ್ತಸಮಾಲೋಚನೆಯ ತರಬೇತಿ ಪಡೆಯುತ್ತಿದ್ದಾಗ, ಅಂಥ ಮಾತಿಗೆಲ್ಲ ‘ದುಃಖದಲ್ಲಿ ಮನಸ್ಸು ಆಡುವ ಆಟ’ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೆ. ಬರೆದದ್ದು ಹಾಗೇ ಇದೆ. ಗೆರೆಯನ್ನು ಮಾತ್ರ ಅಳಿಸಿದ್ದೇನೆ.

ಆಗ ಮಾನ್ವಿಯ ನಮ್ಮ ಮನೆಯಲ್ಲಿ ಅವ್ವ ತೀರಿಕೊಂಡು ಎರಡು ತಿಂಗಳಾಗಿತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಅವಳ ಹೊಲಿಗೆಗೆ ಒಂದು ಗುರುತಿತ್ತು. ನಾಲ್ಕು ಹೊಲಿಗೆ ಮುಂದೆ, ಒಂದು ಹಿಂದೆ. “ಹಿಂದಕ್ಕೊಂದು ಹಾಕಿದ್ರ ಬಿಚ್ಚಂಗಿಲ್ಲ” ಅನ್ನುತ್ತಿದ್ದಳು. ನನಗೆ ಅದು ಬರಲೇ ಇಲ್ಲ. “ಕೋಳಿ ಕೆದರಿದಂಗ ಮಾಡೀದಿ, ಸೂಜಿ ಇಲ್ಲಿ ಕೊಡು ಬೇ. ನಿನಗ ಬಾಯಿ ಅಷ್ಟ ಅದ, ಕೈ ಇಲ್ಲ” ಎಂದು ಕಸಿದುಕೊಳ್ಳುತ್ತಿದ್ದಳು.

ಆ ಬಾಯಿಯೇ ತರಬೇತಿಯಲ್ಲಿ ನನಗೆ ಅಡ್ಡಿಯಾಯಿತು. ಎದುರಿಗೆ ಕೂತವರು ಸುಮ್ಮನಾದರೆ ತಡೆದುಕೊಳ್ಳಲಾಗದೆ ನಾನೇ ಮಾತಾಡಿಬಿಡುತ್ತಿದ್ದೆ. “ಅವರ ಪಾಲಿನ ಮಾತೂ ನೀನ ಆಡ್ತಿಯೇನವ್ವಾ?” ಎಂದು ನಮ್ಮ ಮೇಡಂ ಕೇಳಿದ್ದರು.

ಕ್ಷೇತ್ರಕಾರ್ಯಕ್ಕೆ ನನಗೆ ಸಿಕ್ಕವಳು ದೇವದುರ್ಗ ತಾಲೂಕಿನ ಗೂಗಲ್ ಎಂಬ ಊರಿನ ಹತ್ತಿರದ ಹಳ್ಳಿಯ, ಕುರಿ ಸಾಕುವ ಮನೆಯ ಅಜ್ಜಿ. ಗಂಡ ತೀರಿಹೋದ ದಿನದಿಂದ ಅವಳು ಮಾತು ಬಿಟ್ಟಿದ್ದಳು. ಊಟ ಅರ್ಧ ರೊಟ್ಟಿಗೆ ಇಳಿದಿತ್ತು. ಎರಡು ಸಲ ಹೋಗಿ ನಾನೇ ಮಾತಾಡಿ ಬಂದಿದ್ದೆ. ಮೂರನೆಯ ಸಲವೂ ಹೀಗೇ ಆದರೆ ಓದನ್ನೇ ಬಿಡುವುದೆಂದು ತೀರ್ಮಾನಿಸಿ ಬಸ್ಸು ಹತ್ತಿದೆ.

“ಬರ್ರಿ ಮೇಡಮ್ಮಾರ, ಇವತ್ತು ಯಾರು ಮಾತಾಡೋರು? ನೀವೋ, ನಮ್ಮತ್ತಿಯೋ?” ಸೊಸೆ ಕೇಳಿದಳು.

“ಇವತ್ತು ನಾನೂ ಮಾತಾಡಂಗಿಲ್ಲ” ಅಂದೆ. ಅವಳು ನಗುತ್ತ ರೊಟ್ಟಿ ಬಡಿಯಲು ಒಳಗೆ ಹೋದಳು.

ಮಧ್ಯಾಹ್ನದ ಹೊತ್ತು. ಅಜ್ಜಿ ಬೇವಿನ ನೆರಳಲ್ಲಿ ಕೂತಿದ್ದಳು. ತೊಡೆಯ ಮೇಲೆ ಗಂಡನಿಗೆಂದು ಹೊಲಿಯುತ್ತಿದ್ದ ಕೌದಿ. ಒಂದು ಮೂಲೆ ಮಾತ್ರ ಬಾಕಿ. ಅವನು ಹೋದಂದು ಅಲ್ಲಿಗೇ ನಿಂತಿತ್ತು. ನಾನು ಆ ಮೂಲೆಯನ್ನೇ ನೋಡುತ್ತ ಕೂತೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

ಸೂಜಿ ನನ್ನ ಕೈಗೆ ಹೇಗೆ ಬಂತೋ ಗೊತ್ತಿಲ್ಲ. ಬಗ್ಗಿ ನೋಡಿದಾಗ ಒಂದು ಗೇಣು ಹೊಲಿದಾಗಿತ್ತು. ನಾಲ್ಕು ಮುಂದೆ, ಒಂದು ಹಿಂದೆ. ಸಾಲು ಎಲ್ಲೂ ಸೊಟ್ಟಗಾಗಿರಲಿಲ್ಲ. ಕೈ ನನ್ನದೇ, ಆದರೆ ಅದರ ನಿಧಾನ ನನ್ನದಲ್ಲ. ಮೂಲೆ ಮುಚ್ಚಿ, ದಾರ ಕಡಿಯಲು ಅವ್ವನ ಹಾಗೆ ಹಲ್ಲಿಗೆ ಒಯ್ದೆ. ಅಜ್ಜಿ ಥಟ್ಟನೆ ನನ್ನ ಮಣಿಕಟ್ಟು ಹಿಡಿದಳು.

“ತಡಿ ಬೇ! ರೊಟ್ಟಿ ಹಾಕಿಲ್ಲ!”

ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುವುದು ನಮ್ಮಲ್ಲಿಯ ಪದ್ಧತಿ. ನಾನು ಮರೆತಿದ್ದೆ. ಸೊಸೆ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬಂದು ಬಾಯಿ ತೆರೆದು ನಿಂತಳು.

“ಏನ್ ನೋಡ್ತಿ? ರೊಟ್ಟಿ ತಾ. ಕೌದಿಗೊಂದು ಚೂರು, ಇಕಿಗೆರಡು ರೊಟ್ಟಿ, ನನಗ ಮೂರು” ಅಂದಳು ಅಜ್ಜಿ. ಆಮೇಲೆ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ ಕೇಳಿದಳು, “ಇದು ಪಳಗಿದ ಕೈ. ಯಾರದು, ಯವ್ವಾ?”

“ನಮ್ಮವ್ವಂದು.”

“ಎಲ್ಲಿದಾಳ ಆಕಿ?”

ನಾನು ಕಡಿಯದ ದಾರವನ್ನು ಬೆರಳಿಗೆ ಸುತ್ತುತ್ತ ಕೂತೆ. ಅಜ್ಜಿ ಅವಸರ ಮಾಡಲಿಲ್ಲ. ಎಷ್ಟೋ ಹೊತ್ತು ಸುಮ್ಮನೆ ಕಾದಳು. ಹಾಗೆ ಕಾಯುವುದನ್ನು ನಾನು ಕಲಿತದ್ದು ಅವಳಿಂದಲೇ. ನಾನು ಅತ್ತೆ. ಆಮೇಲೆ ಅವಳೂ ಅತ್ತಳು. ರೊಟ್ಟಿ ತಿನ್ನುತ್ತ, ಕುರಿ ಎಣಿಸುವಾಗ ಪ್ರತಿಸಲವೂ ಲೆಕ್ಕ ತಪ್ಪುತ್ತಿದ್ದ ಗಂಡನ ಕತೆ ಹೇಳಿ, ಸಂಜೆಯ ಬಸ್ಸು ಬರುವವರೆಗೆ ನನ್ನನ್ನು ನಗಿಸಿದಳು.

ವರದಿಯಲ್ಲಿ ‘ಅನುಸರಿಸಿದ ವಿಧಾನ’ ಎಂಬ ಜಾಗವನ್ನು ಖಾಲಿ ಬಿಟ್ಟೆ. “ಏನ್ ಮಾಡ್ದಿ?” ಎಂದು ಮೇಡಂ ಕೇಳಿದರು. “ಸುಮ್ನಿದ್ದೆ ಮೇಡಂ” ಅಂದೆ. ಅವರು ನಂಬಲಿಲ್ಲ, ಆದರೂ ಪಾಸು ಮಾಡಿದರು. ಈಗ ಹಾಗೆ ಸುಮ್ಮನೆ ಕೂತು ಕೇಳುವುದೇ ನನ್ನ ಕೆಲಸ.

ಆ ಹೊಲಿಗೆ ಮತ್ತೆಂದೂ ನನಗೆ ಬಂದಿಲ್ಲ. ಅದು ಅಂದು ಎಲ್ಲಿಂದ ಬಂತೆಂಬುದೂ ತಿಳಿದಿಲ್ಲ. ಮೊನ್ನೆಯೂ ಕೂತು ಹೊಲಿದು ನೋಡಿದೆ. ಮೂರನೆಯ ಹೊಲಿಗೆಗೇ ಸೂಜಿ ಬೆರಳಿಗೆ ಚುಚ್ಚಿತು, ಸಾಲು ಕೋಳಿ ಕೆದರಿದಂತಾಯಿತು. ಸೂಜಿ ಕಸಿದುಕೊಳ್ಳಲು ಯಾರೂ ಬರಲಿಲ್ಲ. ಆದರೂ ಸ್ವಲ್ಪ ಹೊತ್ತು ಅದನ್ನು ಹಾಗೇ ಮುಂದೆ ಚಾಚಿ ಹಿಡಿದಿದ್ದೆ.