ಡ್ರೋನ್ ಸದ್ದಿಗೆ ಬಾವಿ ಮುಚ್ಚಿದ ಅಮ್ಮ

ಪೊಲೀಸರ ಕೈಯಲ್ಲಿದ್ದ ಪುಟ್ಟ ಪರದೆಯ ಮೇಲೆ ಗೇರುಮರಗಳ ನೆತ್ತಿಗಳು ಹಸಿರು ಮೋಡಗಳಂತೆ ಮೆಲ್ಲಗೆ ತೇಲುತ್ತಿದ್ದವು. ಬೆಳಗ್ಗೆ ಮನೆಯಿಂದ ಹೊರಟ ನನ್ನ ಅಮ್ಮ ನಮ್ಮೂರು ಎಣ್ಮಕಜೆಯ ಆ ತೋಟದೊಳಗೆ ಎಲ್ಲೋ ಇದ್ದರು. ಈಗೀಗ ಅವರಿಗೆ ಮನೆಯ ದಾರಿಯೂ ಮರೆತುಹೋಗುತ್ತದೆ. ಯಾರಲ್ಲೂ ಸಹಾಯ ಕೇಳಿ ಅಭ್ಯಾಸವಿಲ್ಲದ ನಾನು ಮಧ್ಯಾಹ್ನದವರೆಗೆ ಒಬ್ಬನೇ ಹುಡುಕಿ, ಕೊನೆಗೆ ಸ್ಟೇಷನ್ನಿಗೆ ಹೋಗಿದ್ದೆ.

ಗುಂಯ್ ಎನ್ನುತ್ತಾ ಸಾಗಿದ ಡ್ರೋನ್ ಒಂದು ಕಡೆ ಗಾಳಿಯಲ್ಲೇ ನಿಂತಿತು. ಕೆಳಗೊಂದು ಹಳೆಯ ಬಾವಿ. ಇಳಿಬಿಸಿಲಿನಲ್ಲಿ ಅಮ್ಮನ ಬಿಳಿ ತಲೆ ಹೊಳೆಯುತ್ತಿತ್ತು. ಅವರು ಗೇರಿನ ಕೊಂಬೆಗಳನ್ನು ಎಳೆದು ತಂದು ಬಾವಿಯ ಮೇಲೆ ಹಾಸುತ್ತಿದ್ದರು.

"ಅವರು ಅಲ್ಲಿ ಎಂತ ಮಾಡ್ತಾ ಇದ್ದಾರೆ ಮಾರಾಯ್ರೆ?" ಎಂದು ಪೊಲೀಸರೊಬ್ಬರು ಕೇಳಿದರು.

ನನಗೆ ಕೂಡಲೇ ಗೊತ್ತಾಯಿತು. ಹಿಂದೆ ಗೇರುತೋಟಕ್ಕೆ ಮದ್ದು ಸಿಂಪಡಿಸಲು ಹೆಲಿಕಾಪ್ಟರ್ ಬರುವಾಗ, ವಿಷ ಬೀಳದಿರಲೆಂದು ಅಮ್ಮ ನಮ್ಮ ಮನೆಯ ಬಾವಿಯನ್ನು ಹೀಗೆಯೇ ಮುಚ್ಚುತ್ತಿದ್ದರು. ಡ್ರೋನಿನ ಸದ್ದು ಅವರನ್ನು ಆ ದಿನಗಳಿಗೆ ಕರೆದುಕೊಂಡು ಹೋಗಿತ್ತು.

ನಾನು ಓಡಿಕೊಂಡು ಹೋದರೆ ಅಮ್ಮ ಗದರಿದರು: "ನೋಡ್ತಾ ನಿಂತದ್ದು ಎಂತ? ಹೆಲಿಕಾಪ್ಟರ್ ಬಂತು! ಆ ಬದಿ ನೀನು ಮುಚ್ಚು, ಮಕ್ಕಳು ಕುಡಿಯುವ ನೀರು ಅದು!"

ಬಾವಿಯಲ್ಲಿ ನೀರೇ ಇರಲಿಲ್ಲ. ಆದರೂ ನಾನೂ ಹಿಂದೆ ಬಂದ ಪೊಲೀಸರೂ ಸೇರಿ ಸೊಪ್ಪು ಹಾಕಿ ಅದನ್ನು ಪೂರ್ತಿ ಮುಚ್ಚಿದೆವು. ಆಮೇಲೆಯೇ ಅಮ್ಮ ನನ್ನ ಕೈ ಹಿಡಿದು ಮನೆಗೆ ಹೊರಟದ್ದು.

ಈಗ ಆಕಾಶದಲ್ಲಿ ಏನೇ ಸದ್ದಾದರೂ ನನ್ನ ಕಣ್ಣು ಮೊದಲು ನಮ್ಮ ಬಾವಿಯ ಕಡೆಗೆ ಹೋಗುತ್ತದೆ.