ಮೊದಲು ಸ್ನಾಯು, ಆಮೇಲೆ ಕೊಬ್ಬು

ಕ್ಲಿನಿಕ್ಕಿನ ಹಿಂದಿನ ಕೋಣೆಗೆ ಕಿಟಕಿ ಇರಲಿಲ್ಲ. ಒಳಗೆ ಆ ಯಂತ್ರ, ಒಂದು ಕುರ್ಚಿ, ಬಟ್ಟೆ ತೂಗುಹಾಕಲು ಗೋಡೆಯಲ್ಲಿ ಒಂದೆರಡು ಮೊಳೆ, ಅಷ್ಟೇ. ಬಂದವರು ಬರಿಗಾಲಲ್ಲಿ ಯಂತ್ರದ ಲೋಹದ ತಟ್ಟೆಗಳ ಮೇಲೆ ನಿಂತು, ಎರಡು ಕೈಯಲ್ಲಿ ಎರಡು ಹಿಡಿ ಹಿಡಿದು, ಸ್ವಲ್ಪ ಹೊತ್ತು ಮಾತಾಡದೆ ನಿಲ್ಲಬೇಕು. ಗೊತ್ತೇ ಆಗದಷ್ಟು ಸಣ್ಣ ಕರೆಂಟು ಮೈಯೊಳಗೆ ಹಾದುಹೋಗುತ್ತದೆ. ನೀರಿರುವ ಕಡೆ ಅದು ಸಲೀಸಾಗಿ ಓಡುತ್ತದೆ, ಕೊಬ್ಬಿರುವ ಕಡೆ ತಡವರಿಸುತ್ತದೆ. ಆ ತಡವರಿಕೆಯನ್ನೇ ಲೆಕ್ಕ ಹಾಕಿ, ಈ ಮೈಯಲ್ಲಿ ಸ್ನಾಯು ಇಷ್ಟು, ಕೊಬ್ಬು ಇಷ್ಟು ಎಂದು ಯಂತ್ರ ಪರದೆಯ ಮೇಲೆ ತೋರಿಸುತ್ತದೆ.

ಅದನ್ನು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಯಂತ್ರದಕ್ಕ ಎನ್ನುತ್ತಿದ್ದರು. ಅವಳು ಆ ಕ್ಲಿನಿಕ್ಕಿಗೆ ಬಂದದ್ದು ನೆಲ ಒರೆಸಲು. ಅದಕ್ಕೂ ಮುಂಚೆ ಒಂದು ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ತೀರಿಹೋಗಿದ್ದ. ತಾಯಿಯಿಲ್ಲದ ತಮ್ಮನೊಬ್ಬ ಉಳಿದಿದ್ದ, ಅವನನ್ನೇ ಮಗನಂತೆ ಸಾಕಿದಳು. ಯಂತ್ರ ನೋಡಿಕೊಳ್ಳಲು ಬಂದಿದ್ದ ಹುಡುಗಿ ಬೇರೆ ಕಡೆ ಕೆಲಸ ಸಿಕ್ಕಿತೆಂದು ಬಿಟ್ಟುಹೋದಾಗ ಡಾಕ್ಟರಮ್ಮ ಇವಳನ್ನು ಕರೆದು, "ನೀನೇ ದಿನಾ ಒರೆಸ್ತೀಯಲ್ಲ, ನೀನೇ ನೋಡ್ಕೋ," ಎಂದರು. ಹಾಗೆ ಅವಳು ಯಂತ್ರದಕ್ಕ ಆದಳು.

ಡಾಕ್ಟರಮ್ಮ ಹೇಳಿಕೊಟ್ಟದ್ದು ಎರಡು ವಿಷಯ. ಹತ್ತುವ ಮೊದಲು ಪ್ರತಿಯೊಬ್ಬರನ್ನೂ ಕೇಳಬೇಕು: ಎದೆಯಲ್ಲಿ ಹೃದಯ ನಡೆಸುವ ಯಂತ್ರ ಇಡಿಸಿದ್ದೀರಾ, ಬಸುರಿಯೇ, ಈಗಷ್ಟೇ ಊಟ ಮಾಡಿದ್ದೀರಾ, ಕೈಕಾಲು ಊದಿದೆಯೇ. ಇಳಿದ ಮೇಲೆ ಫಲ ಹೇಳುವಾಗ ಮೊದಲು ಸ್ನಾಯು, ಆಮೇಲೆ ಕೊಬ್ಬು. ಒಳ್ಳೆಯದನ್ನು ಮೊದಲು ಕೇಳಿದರೆ ಜನ ಮತ್ತೆ ಬರುತ್ತಾರೆ, ಇಲ್ಲದಿದ್ದರೆ ಮುಖ ಸಣ್ಣಗೆ ಮಾಡಿಕೊಂಡು ಹೋಗಿಬಿಡುತ್ತಾರೆ.

ಜನವೂ ಬಾಯಿ ಬಡುಕರೇ. "ಅಕ್ಕಾ, ಒಂದು ಕಿಲೋ ಕಡಿಮೆ ತೋರಿಸೋಕೆ ಹೇಳಕ್ಕ ನಿನ್ನ ಯಂತ್ರಕ್ಕೆ," ಎಂದು ದಪ್ಪಗಿನ ಬೇಕರಿಯವನು ಕಣ್ಣು ಹೊಡೆಯುತ್ತಿದ್ದ.

"ಅದಕ್ಕೆ ಕಿವಿ ಇಲ್ಲ. ನಿಮ್ಮ ಬಾಯಿಗೇ ಹೇಳಿ ನೋಡಿ," ಎನ್ನುತ್ತಿದ್ದಳು.

ತಟ್ಟೆಯ ಮೇಲೆ ಬರಿಗಾಲಲ್ಲಿ ನಿಂತವರಿಗೆ ಅದೇನಾಗುತ್ತಿತ್ತೋ, ಮನಸ್ಸು ಸಡಿಲವಾಗುತ್ತಿತ್ತು. ಗಂಡನ ಕುಡಿತ, ಬಾರದ ನಿದ್ದೆ, ಒಲ್ಲದ ಸಂಬಂಧ, ಎಲ್ಲ ಅವಳ ಮುಂದೆ ಬರುತ್ತಿತ್ತು. ಅವಳು ತಟ್ಟೆ ಒರೆಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಕೇಳಿದ್ದನ್ನು ದೇವರ ಹತ್ತಿರ ಬಿಟ್ಟರೆ ಇನ್ನೊಬ್ಬರ ಹತ್ತಿರ ಬಾಯಿಬಿಟ್ಟವಳಲ್ಲ.

ತಮ್ಮನಿಗೆ ಬೀರು ಎಂದು ಅಡ್ಡಹೆಸರು. ಮನೆ ಸಾಮಾನು ಸಾಗಿಸುವ ತಂಡದಲ್ಲಿ ಅವನ ಕೆಲಸ. ಸೇರಿದ ಹೊಸತರಲ್ಲಿ ಒಂದು ಕಬ್ಬಿಣದ ಬೀರುವನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿಸಿದ್ದಕ್ಕೆ ಮೇಸ್ತ್ರಿ ಇಟ್ಟ ಹೆಸರು ಅದು. ಆ ಕೆಲಸದಲ್ಲಿ ಒಂದು ಪದ್ಧತಿಯಿದೆ. ಭಾರದ ಸಾಮಾನನ್ನು ಮೆಟ್ಟಿಲ ಮೇಲೆ ಒಯ್ಯುವಾಗ ಮೇಲಿನ ಆಳು ದಾರಿ ತೋರಿಸುತ್ತಾನೆ, ಕೆಳಗಿನ ಆಳು ಭಾರ ಹೊರುತ್ತಾನೆ. ಕೆಳಗಿನವನ ಕಾಲು ಜಾರಿದರೆ ಸಾಮಾನು ಬರುವುದು ಅವನ ಮೈಮೇಲೇ. ಹಾಗಾಗಿ ಆ ಜಾಗ ಎಲ್ಲರಿಗೂ ಸಿಗುವುದಿಲ್ಲ. ಬೀರು ಸೇರಿದಾಗಿನಿಂದ ಅದು ಅವನದೇ.

ಹಿಂದಿನ ಚಳಿಗಾಲ ಅವನಿಗೊಂದು ಜ್ವರ ಬಂತು. ಜ್ವರವೇನೋ ಬಿಟ್ಟಿತು, ಆದರೆ ಮೈ ಇಳಿದುಹೋಯಿತು. ಮತ್ತೆ ಕೆಲಸಕ್ಕೆ ಹೋದ ದಿನ ಮೇಸ್ತ್ರಿ ಅವನ ತೋಳು ಹಿಡಿದು ನೋಡಿ, "ಸ್ವಲ್ಪ ದಿನ ಮೇಲೆ ನಿಂತ್ಕೋ ಬೀರು," ಎಂದ. ಮಿಕ್ಕವರು ನಕ್ಕರು. ಒಬ್ಬ, "ಇನ್ನು ಮೇಲೆ ಇವನನ್ನ ಸ್ಟೂಲು ಅನ್ನೋಣ," ಎಂದ. ಅಂದು ಬೀರು ಮನೆಗೆ ಹೋಗದೆ ನೆಟ್ಟಗೆ ಅಕ್ಕನ ಕೋಣೆಗೆ ಬಂದ.

"ಹತ್ತಿಸು ನನ್ನ. ಎಷ್ಟು ಉಳಿದಿದೆ ನೋಡೋಣ."

ಎಲ್ಲರನ್ನೂ ಕೇಳುವ ಪ್ರಶ್ನೆಗಳನ್ನು ಅವಳು ಅವನಿಗೆ ಕೇಳಲಿಲ್ಲ. ಎತ್ತಿ ಆಡಿಸಿದ ತಮ್ಮ, ಅವನ ಮೈಯಲ್ಲಿ ತನಗೆ ಗೊತ್ತಿಲ್ಲದ್ದು ಏನಿದೆ ಎಂದುಕೊಂಡಳು. ಸ್ನಾಯು ಕಡಿಮೆಯಿತ್ತು. ಮೊಟ್ಟೆ ತಿನ್ನು, ಚೆನ್ನಾಗಿ ಉಣ್ಣು ಎಂದು ಕಳಿಸಿದಳು.

ಆಮೇಲಿಂದ ಅವನು ತಿಂಗಳಿಗೊಮ್ಮೆ ಬರತೊಡಗಿದ. ಅಂಕಿ ಏರುತ್ತ ಬಂತು. ಅವಳಿಗೆ ಹೊಟ್ಟೆ ತಣ್ಣಗಾಯಿತು. ಕೊಬ್ಬು ಕಡಿಮೆ, ಸ್ನಾಯು ಜಾಸ್ತಿ. ಯಾರಿಗುಂಟು ಇಂಥ ಮೈ? ಪಕ್ಕದ ಕೋಣೆಗೂ ಕೇಳುವಂತೆ ದೊಡ್ಡದಾಗಿ ಓದುತ್ತಿದ್ದಳು. ಅವನು ಪರದೆಯ ಫೋಟೋ ತೆಗೆದುಕೊಂಡು ಹೋಗಿ ತಂಡದವರ ಮೂಗಿನ ಮುಂದೆ ಹಿಡಿಯುತ್ತಿದ್ದ. ಕೊನೆಗೊಂದು ದಿನ ಮೇಸ್ತ್ರಿ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ, "ಸರಿ ಮಾರಾಯ, ಯಂತ್ರವೇ ಹೇಳುವಾಗ ನಾನ್ಯಾರು? ಕೆಳಗೆ ನಿಂತ್ಕೋ," ಎಂದ.

ಬೀರುವಿನ ಹೆಂಡತಿಗೆ ಮಾತ್ರ ಸಮಾಧಾನವಿರಲಿಲ್ಲ. ಒಂದು ಮಧ್ಯಾಹ್ನ ಕ್ಲಿನಿಕ್ಕಿಗೇ ಹುಡುಕಿಕೊಂಡು ಬಂದಳು.

"ಅತ್ತಿಗೆ, ಇವರು ಹಾಸಿಗೆ ಮೇಲೆ ಮಲಗೋದೇ ಬಿಟ್ಟಿದ್ದಾರೆ. ಕುರ್ಚಿಯಲ್ಲೇ ನಿದ್ದೆ. ಮಲಗಿದ್ರೆ ಎದೆ ಮೇಲೆ ಯಾರೋ ಕೂತ ಹಾಗಾಗುತ್ತಂತೆ."

"ಕೆಲಸದ ಸುಸ್ತು ಇರಬೇಕು ಕಣೆ."

"ಸುಸ್ತಾದವರು ಮಲಗ್ತಾರೆ ಅತ್ತಿಗೆ, ಕೂತಿರ್ತಾರಾ? ಕೇಳಿದ್ರೆ ನನ್ನ ಮೇಲೇ ಹಾರಾಡ್ತಾರೆ. 'ಅಕ್ಕ ಓದಿದ್ದು ಕೇಳಿಲ್ವಾ? ನನ್ನ ಮೈ ನಿನಗಿಂತ ಅವಳಿಗೆ ಗೊತ್ತು' ಅಂತಾರೆ. ನಾನು ಇನ್ನೇನು ಹೇಳ್ಲಿ?"

ಅವಳು ಹೋದ ಮೇಲೆ ಯಂತ್ರದಕ್ಕ ಖಾಲಿ ತಟ್ಟೆಗಳನ್ನು ನೋಡುತ್ತ ನಿಂತಳು. ಪರದೆ ಹೇಳಿದ್ದೇನು, ಈ ಹೆಂಗಸು ಹೇಳಿದ್ದೇನು? ಎರಡೂ ಒಂದೇ ಮನುಷ್ಯನ ವಿಷಯ ಹೇಗಾದೀತು? ಅಂದು ಪ್ರಾರ್ಥನೆಗೆ ಕೂತಾಗಲೂ ಮನಸ್ಸು ಅಲ್ಲೇ ಸುತ್ತಿತು.

ಆ ವಾರವೇ ಬೀರು ಬಂದ. ಊಟದ ಬಿಡುವಿಗೆ ಮುಂಚಿನ ಹೊತ್ತು. ಹತ್ತಿರದ ಬೀದಿಯಲ್ಲೇ ಹಳೆಯ ಕಟ್ಟಡವೊಂದರಲ್ಲಿ ಕೆಲಸವಂತೆ, ಒಂದು ಕಬ್ಬಿಣದ ತಿಜೋರಿಯನ್ನು ಮೇಲಿನ ಮಹಡಿಗೆ ಏರಿಸಬೇಕಂತೆ, ಅಲ್ಲಿ ಲಿಫ್ಟ್ ಇಲ್ಲವಂತೆ.

"ಈ ಊರಲ್ಲಿ ಅದನ್ನ ಕೆಳಗಿಂದ ತಡೆಯೋನು ಒಬ್ಬನೇ," ಎಂದು ಎದೆ ತಟ್ಟಿಕೊಂಡ. ತಟ್ಟಿಕೊಂಡದ್ದಕ್ಕೇ ಕೆಮ್ಮು ಬಂತು. ಬೇಗ ನಿಲ್ಲಲಿಲ್ಲ.

"ಹತ್ತು," ಎಂದಳು.

ಅವನು ನಿಂತ. ಪರದೆ ಬೆಳಗಿತು. ಸ್ನಾಯು ಮತ್ತೆ ಏರಿತ್ತು. ಎಂದಿನಂತೆ ಓದಲು ಬಾಯಿ ತೆರೆದವಳ ಕಣ್ಣು ಕೆಳಗಿನ ಸಾಲಿಗೆ ಇಳಿಯಿತು. ಅಲ್ಲಿ ಕೈಗೆ ಬೇರೆ, ಕಾಲಿಗೆ ಬೇರೆ ಅಂಕಿ ಇರುತ್ತದೆ. ಅದನ್ನು ಯಾರೂ ಕೇಳುವುದಿಲ್ಲ, ಅವಳೂ ಓದುವುದಿಲ್ಲ. ಅಂದು ಓದಿದಳು. ತೋಳು ಕರಗುತ್ತಿತ್ತು. ಕಾಲು ಬೆಳೆಯುತ್ತಿತ್ತು. ದಿನವಿಡೀ ಎತ್ತಿ ಹೊರುವವನ ತೋಳು ಕರಗಿ, ಕಾಲು ಮಾತ್ರ ಬೆಳೆಯುವುದುಂಟೇ?

ಅವಳು ಮಂಡಿಯೂರಿ ಕೂತಳು. ಕಾಲುಚೀಲದ ಅಂಚು ಕೂತಿದ್ದ ಕಡೆ ಹಗ್ಗ ಬಿಗಿದು ಬಿಚ್ಚಿದಂತೆ ಕುಳಿ ಬಿದ್ದಿತ್ತು. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿದಳು. ಬೆರಳು ಒಳಗಿಳಿಯಿತು. ತೆಗೆದಳು. ಗುಳಿ ಹಾಗೇ ಉಳಿಯಿತು.

"ಏನಕ್ಕಾ, ಕಾಲು ಹಿಡ್ಕೊಂಡ್ಬಿಟ್ಟೆ? ಏನು ತಪ್ಪು ಮಾಡಿದೀಯ?" ಎಂದು ಮೇಲಿಂದ ಅವನು ನಕ್ಕ.

ಗುಳಿ ತುಂಬೀತೆಂದು ಕಾಯುತ್ತಲೇ ಇದ್ದಳು. ಕಾಲು ಊದಿದೆಯೇ ಎಂದು ಕಂಡಕಂಡವರನ್ನೆಲ್ಲ ಕೇಳಿದ ಬಾಯಿ ಇದು. ಊದಿದವರ ಮೈಯಲ್ಲಿ ನಿಂತ ನೀರನ್ನು ಯಂತ್ರ ಸ್ನಾಯುವೆಂದೇ ಎಣಿಸುತ್ತದೆ, ಅದಕ್ಕೇ ಕೇಳಬೇಕು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು.

"ಇಳಿಯೋ," ಎಂದಳು. "ಇದು ಸ್ನಾಯು ಅಲ್ಲ ಕಣೋ, ನೀರು. ನಿನ್ನ ಮೈಯೆಲ್ಲ ನೀರು ತುಂಬ್ತಾ ಇದೆ."

"ಹೋದ ತಿಂಗಳು ಮಸಲ್ ಆಗಿತ್ತಲ್ಲ?"

"ಹೋದ ತಿಂಗಳೂ ನೀರೇ. ನಾನು ಕೇಳಬೇಕಾಗಿದ್ದು ಕೇಳಲಿಲ್ಲ. ಇವತ್ತು ಆ ಕೆಲಸಕ್ಕೆ ಹೋಗಬೇಡ. ಡಾಕ್ಟರಮ್ಮ ಸಂಜೆ ಬರ್ತಾರೆ, ಅಲ್ಲೀತನಕ ಇಲ್ಲೇ ಕೂತ್ಕೋ."

ಅವನ ನಗು ಹೋಯಿತು. "ನನ್ನ ಹೆಂಡತಿ ಬಂದು ಕಿವಿ ಊದಿದ್ಲು ಅಲ್ವಾ? ಇಬ್ಬರೂ ಸೇರ್ಕೊಂಡು ನನ್ನನ್ನ ಮತ್ತೆ ಸ್ಟೂಲು ಮಾಡ್ಬೇಕು ಅಂತಿದ್ದೀರಾ?" ಕಾಲುಚೀಲ ಹಾಕಲು ಬಗ್ಗಿದ, ಆಗಲಿಲ್ಲ, ಅದನ್ನು ಜೇಬಿಗೆ ತುರುಕಿಕೊಂಡ. "ಏರುವಾಗೆಲ್ಲ ಊರಿಗೇ ಕೇಳೋ ಹಾಗೆ ಓದಿದೆ. ಈಗ ನೀರಂತೆ."

ಬಾಗಿಲು ಬಡಿದುಕೊಂಡಿತು. ಅವಳು ಅವನ ಹೆಂಡತಿಗೆ ಫೋನು ಮಾಡಿ, ಅವನನ್ನು ದೊಡ್ಡ ಆಸ್ಪತ್ರೆಗೆ ಕರೆತರುತ್ತೇನೆ, ಅಲ್ಲಿನ ಬಾಗಿಲಿಗೆ ಬಂದು ನಿಲ್ಲು ಎಂದಳು. ಹೊರಗೆ ಕಾಯುತ್ತಿದ್ದವರಿಗೆ ಕೈಮುಗಿದು, ಕೋಣೆಗೆ ಬೀಗ ಹಾಕಿದಳು. ಹಗಲು ಹೊತ್ತಿನಲ್ಲಿ ಎಂದೂ ಹಾಕಿರಲಿಲ್ಲ.

ಕಟ್ಟಡ ಸಿಕ್ಕುವುದು ತಡವಾಯಿತು. ಎರಡು ಸಲ ತಪ್ಪು ಬೀದಿಗೆ ತಿರುಗಿದಳು. ಒಳಗೆ ಹೊಕ್ಕಾಗ ಮೆಟ್ಟಿಲ ಮೇಲೆ ತಿಜೋರಿ ಆಗಲೇ ಅರ್ಧಕ್ಕೇರಿತ್ತು. ಮೇಲೆ ಮೇಸ್ತ್ರಿಯೂ ಮತ್ತಿಬ್ಬರೂ ಅದಕ್ಕೆ ಬಿಗಿದ ಪಟ್ಟಿ ಹಿಡಿದು ಎಳೆಯುತ್ತಿದ್ದರು. ಕೆಳಗೆ ಭುಜ ಕೊಟ್ಟು ನಿಂತವನ ಬೆನ್ನಷ್ಟೇ ಕಾಣುತ್ತಿತ್ತು. ಅಂಗಿ ಮೈಗೆ ಅಂಟಿತ್ತು. ಕಾಲುಚೀಲವಿಲ್ಲದ ಕಾಲು ಬೂಟಿನಿಂದ ಉಕ್ಕಿ ಹೊರಚೆಲ್ಲಿತ್ತು.

ಹೆಸರು ಹಿಡಿದು ಕೂಗಲು ಹೋದವಳು ತಡೆದುಕೊಂಡಳು. ಕೂಗಿದರೆ ತಿರುಗುತ್ತಾನೆ. ತಿರುಗಿದರೆ ಮುಗಿಯಿತು.

ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಆತು ನಿಂತಳು. "ಹ್ಞೂಂ, ಇನ್ನೊಂದು," ಎಂದು ಮೇಸ್ತ್ರಿ ಹೇಳುತ್ತಿದ್ದ. ಒಂದು ಮೆಟ್ಟಿಲು ಏರಿತು. ತಮ್ಮನ ಉಸಿರು ಕೆಳಗಿನವರೆಗೂ ಕೇಳುತ್ತಿತ್ತು, ಒಳಗೆ ಏನೋ ಕುದಿಯುವಂಥ ಸದ್ದು. "ಇನ್ನೊಂದು." ಏರಲಿಲ್ಲ. ತಿಜೋರಿ ಒಂದು ಬೆರಳಷ್ಟು ಹಿಂದಕ್ಕೆ ಜರುಗಿ ನಿಂತಿತು. ಅವಳು ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಅವನು ಬೀಳುತ್ತಾನೆ ಎಂದು ಅನ್ನಿಸಿಬಿಟ್ಟಿತ್ತು. ದೇವರೇ, ಒಂದು ಮೆಟ್ಟಿಲು, ಒಂದೇ ಒಂದು ಮೆಟ್ಟಿಲು ಎಂದು ಬೇಡಿದಳು.

"ಬೀರು, ಬಿಡಬೇಡ," ಎಂದ ಮೇಸ್ತ್ರಿ, ಈ ಸಲ ದನಿ ತಗ್ಗಿಸಿ.

ಏರಿತು. ತಿರುವಿನ ಸಮತಟ್ಟು ಜಾಗದಲ್ಲಿ ತಿಜೋರಿ ದಡ್ಡೆಂದು ಕೂತಿತು. ಬೀರು ಅದಕ್ಕೆ ಬೆನ್ನು ಕೊಟ್ಟು ಅಲ್ಲೇ ಕುಸಿದ. ತುಟಿ ನೀಲಿಗಟ್ಟಿತ್ತು. ಅಕ್ಕ ಏರಿ ಬರುವುದನ್ನು ನೋಡಿದ. ಬೇಡವೆಂದು ಕೈ ಎತ್ತಿದ.

"ಅಕ್ಕಾ, ಎಲ್ಲರ ಮುಂದೆ ಹೇಳ್ಬೇಡ."

ಅವಳು ಮೇಸ್ತ್ರಿಯ ಕಡೆ ತಿರುಗಿದಳು. "ನಾನು ಓದಿದ್ದೆಲ್ಲ ತಪ್ಪು ಮೇಸ್ತ್ರಿ. ಇವನ ಮೈಯಲ್ಲಿ ಬಲ ಇಲ್ಲ, ನೀರು ತುಂಬಿದೆ. ಇನ್ನು ಒಂದು ಮೆಟ್ಟಿಲೂ ಹತ್ತಿಸಬೇಡಿ. ಮೊದಲು ಆಸ್ಪತ್ರೆಗೆ ಒಯ್ಯಿರಿ."

ಸ್ಟೂಲು ಎಂದಿದ್ದವನು ಈಗ ತಲೆ ತಗ್ಗಿಸಿದ. ಸಾಮಾನಿಗೆ ಹೊದಿಸುವ ದಪ್ಪ ಕಂಬಳಿಯಲ್ಲಿ ಬೀರುವನ್ನು ಕೂರಿಸಿ, ಮೂಲೆಗಳನ್ನು ಹಿಡಿದು ಇಳಿಸಿದರು.

ಆಸ್ಪತ್ರೆಯ ಡಾಕ್ಟರು ಸಣ್ಣ ವಯಸ್ಸಿನವರು. ಅವನ ಹೆಂಡತಿಯನ್ನೂ ಅಕ್ಕನನ್ನೂ ಹೊರಗೆ ಕರೆದು ಹೇಳಿದರು: ಆ ಜ್ವರ ಹೋಗುವಾಗ ಹೃದಯಕ್ಕೆ ಪೆಟ್ಟು ಕೊಟ್ಟು ಹೋಗಿರಬೇಕು. ಹೃದಯ ಪೂರ್ತಿ ತಳ್ಳಲಾರದ ನೀರು ಕಾಲಲ್ಲೂ ಎದೆಯಲ್ಲೂ ನಿಂತಿದೆ. ಇಳಿಸೋಣ. "ಇಳಿದ ಮೇಲೆ ಹೃದಯ ಎಷ್ಟು ಗಟ್ಟಿ ಇದೆ ಅಂತ ನೋಡ್ಬೇಕು. ಈಗ ಯಾವ ಮಾತೂ ಕೊಡಲಾರೆ."

ಹೆಂಡತಿ ಅಳಲಿಲ್ಲ. ಅತ್ತಿಗೆಯನ್ನು ಬೈಯಲೂ ಇಲ್ಲ. ಅದೇ ಯಂತ್ರದಕ್ಕನಿಗೆ ಹೆಚ್ಚು ಭಾರವಾಯಿತು.

ಔಷಧಿಗೆ ನೀರು ಇಳಿಯತೊಡಗಿತು. ದಿನದಿನಕ್ಕೂ ಬೀರು ಹಾಸಿಗೆಯಲ್ಲಿ ಸಣ್ಣಗಾಗುತ್ತ ಬಂದ. ಕಾಲಿನ ಮೂಳೆ ಎದ್ದು ಕಂಡಿತು, ಕೆನ್ನೆ ಒಳಸೇರಿತು. ಇಷ್ಟು ತಿಂಗಳು ಬೆಳೆಯಿತೆಂದು ಅವಳು ಸಾರಿ ಹೇಳಿದ ತಮ್ಮನ ಒಳಗೆ ಇಷ್ಟೇ ತಮ್ಮನಿದ್ದ.

ಅವನು ಅವಳೊಡನೆ ಮಾತು ಬಿಟ್ಟಿದ್ದ. ಅವಳು ದಿನವೂ ಬಂದು ಪಕ್ಕದಲ್ಲಿ ಕೂರುತ್ತಿದ್ದಳು, ಅವನು ಗೋಡೆಗೆ ಮುಖ ತಿರುಗಿಸುತ್ತಿದ್ದ. ಒಂದು ಸಂಜೆ ಹಾಗೆ ತಿರುಗಿಕೊಂಡೇ ಕೇಳಿದ.

"ತಿಜೋರಿ ಏನಾಯ್ತು?"

"ಅಲ್ಲೇ ಕೂತಿತ್ತಂತೆ. ಮಾರನೇ ದಿನ ಬೇರೆಯವರು ಬಂದು ಏರಿಸಿದ್ರಂತೆ."

"ಕೆಳಗೆ ಯಾರು ನಿಂತ್ರಂತೆ?"

"ನಾನು ಕೇಳಲಿಲ್ಲ."

ಅವನು ನಿದ್ದೆ ಹೋದನೆಂದುಕೊಂಡು ಅವಳು ಎದ್ದಳು.

"ಅಕ್ಕಾ."

"ಹ್ಞಾಂ."

"ನೀನು ಬರದೇ ಇದ್ದಿದ್ರೆ ನಾನು ಎದ್ದು ಮತ್ತೆ ಅದರ ಕೆಳಗೆ ನಿಲ್ತಿದ್ದೆ. ಆಗಲ್ಲ ಅಂತ ಗೊತ್ತಿತ್ತು. ಆದ್ರೂ ನಿಲ್ತಿದ್ದೆ."

ಅವಳು ಮತ್ತೆ ಕೂತಳು. ಅವನು ಈ ಕಡೆ ತಿರುಗಲಿಲ್ಲ. ಆದರೆ ಕೈಯನ್ನು ಹೊದಿಕೆಯಿಂದ ಹೊರಗೆ ತೆಗೆದು, ಅವಳಿಗೆ ಎಟಕುವ ಕಡೆ ಇಟ್ಟ. ಅವಳು ಅದನ್ನು ಹಿಡಿದುಕೊಂಡಳು. ಅದರಲ್ಲಿ ತೂಕವೇ ಇರಲಿಲ್ಲ.