ವಕೀಲರ ಡಬ್ಬದಲ್ಲಿ ಅಮ್ಮನ ಹಾಡು

ವಕೀಲರ ಬಲಗಿವಿಯಲ್ಲಿ ಒಂದು ಗೊಂಚಲು ಬಿಳಿ ಕೂದಲಿತ್ತು. ಕೋರ್ಟಿನಿಂದ ಬಂದವರೇ ಆ ಕಿವಿಯನ್ನು ಮೇಜಿನ ಮೇಲಿನ ಕಪ್ಪು ಡಬ್ಬಕ್ಕೆ ಆನಿಸಿ, ಒಳಗೆ ಡಿಸ್ಕ್ ತಿರುಗುವ ಸದ್ದು ಆಲಿಸುತ್ತಿದ್ದರು. “ಸೌಖ್ಯ ಉಂಟು,” ಎಂದ ಮೇಲೆಯೇ ಕಾಫಿ. ಮನೆಯ ಹಾಡು, ಫೋಟೊಗಳೆಲ್ಲ ಅದರಲ್ಲಿದ್ದವು; ಯಾವ ಕೋಣೆಯ ಕಂಪ್ಯೂಟರಿನಿಂದ ಬೇಕಾದರೂ ತೆರೆಯಬಹುದಿತ್ತು.

ಕಾಸರಗೋಡಿನ ಕಡೆಯವರು. ಎರ್ನಾಕುಲಂನಲ್ಲಿ ನಮ್ಮ ಮೇಲಿನ ಫ್ಲ್ಯಾಟು ಅವರದು. ನಾನು ಮೈಸೂರಿನಿಂದ ವರ್ಗವಾಗಿ ಬಂದ ಬ್ಯಾಂಕಿನವನು. ಅವರ ಡಬ್ಬ ನೋಡಿ ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಮರುವಾರವೇ ಅಂಥದ್ದೇ ತಂದೆ. ಅವರು ಎರಡು ಡಿಸ್ಕ್ ಹಾಕಿ, ಒಂದರಲ್ಲಿದ್ದದ್ದನ್ನೇ ಇನ್ನೊಂದರಲ್ಲೂ ಇಡುತ್ತಿದ್ದರು. ನಾನು ನನ್ನ ಎರಡು ಡಿಸ್ಕನ್ನೂ ಸೇರಿಸಿ ಒಂದೇ ಮಾಡಿದೆ. ಅವರಿಗಿಂತ ದುಪ್ಪಟ್ಟು ಜಾಗ!

“ಒಂದು ಕೆಟ್ರೆ ಎಲ್ಲವೂ ಹೋಯ್ತಲ್ಲ ಮಾರಾಯ್ರೆ,” ಎಂದರು.

“ಕೆಟ್ಟಾಗ ನೋಡ್ಕೊಳ್ಳೋಣ ಬಿಡಿ ಸಾರ್,” ಎಂದೆ.

ಆ ಬೇಸಗೆ ಅಮ್ಮ ಬಂದು ಎರಡು ತಿಂಗಳಿದ್ದಳು. ಕೋರ್ಟಿಗೆ ರಜೆ. ಅಮ್ಮ ಮಧ್ಯಾಹ್ನ ಮೇಲೆ ಹೋಗಿ ಸೋಬಾನೆ ಹಾಡುತ್ತಾಳಂತೆ, ವಕೀಲರು ರೆಕಾರ್ಡ್ ಮಾಡಿಕೊಂಡು ಫೋಟೊನೂ ತೆಗೆಯುತ್ತಾರಂತೆ ಎಂದು ನನ್ನ ಹೆಂಡತಿ ಹೇಳಿದಳು. ಅಮ್ಮ ನನ್ನೆದುರು ಒಂದು ದಿನವೂ ಹಾಡಿದವಳಲ್ಲ. ಕೇಳಿದರೆ, “ನಿಂಗೆಲ್ಲೋ ಪುರುಸೊತ್ತು?” ಎಂದಳು. ನನ್ನ ಅಮ್ಮ, ಅವರ ಡಬ್ಬ! ವಾರಗಟ್ಟಲೆ ನಾನು ವಕೀಲರೊಡನೆ ಸರಿಯಾಗಿ ಮಾತಾಡಲಿಲ್ಲ.

ಅಮ್ಮ ತೀರಿಕೊಂಡ ವರ್ಷವೇ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲಿ ಡಬ್ಬ ಜೋಡಿಸಿದರೆ ಒಂದು ಡಿಸ್ಕ್ ಏಳಲೇ ಇಲ್ಲ. ಅಮ್ಮನ ಕೊನೆಯ ಬೇಸಗೆಯ ಫೋಟೊಗಳೆಲ್ಲ ಹೋದವು. ಮಾನ ಬಿಟ್ಟು ವಕೀಲರಿಗೆ ಫೋನ್ ಮಾಡಿದೆ. ಆಗಲೇ ಹೇಳಿದ್ದೆನಲ್ಲ ಎಂದು ಅವರು ಆಡಿ ತೋರಿಸಲಿಲ್ಲ. ಭಾನುವಾರ ಬೆಳಗಿನ ರೈಲಿನಲ್ಲಿ, ಟವೆಲಿನಲ್ಲಿ ಸುತ್ತಿದ ಡಿಸ್ಕನ್ನು ತೊಡೆಯ ಮೇಲಿಟ್ಟುಕೊಂಡು ತಾವೇ ಬಂದರು.

“ಅಮ್ಮನ ಫೋಟೊ ಉಂಟು. ಹಾಡೂ ಉಂಟು. ಕೊನೆವರೆಗೆ ಕೇಳಿ, ಆಯ್ತಾ?”

ಎರಡನ್ನೂ ಅವರೇ ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟರು. ಫೋಟೊ ನೋಡಿದೆ. ಹಾಡು ಮುಟ್ಟಲಿಲ್ಲ. ಅವರಿಗೆಂದು ಹಾಡಿದ್ದನ್ನು ನಾನೇಕೆ ಕೇಳಲಿ ಎಂಬ ಕಿಚ್ಚು. ಊಟ ಹಾಕಿ ಕಳಿಸಿದೆ, ಅಷ್ಟೆ.

ಎರಡು ವರ್ಷದ ಮೇಲೆ, ವಕೀಲರು ಹೋದರೆಂದು ಅವರ ಹೆಂಡತಿ ಫೋನ್ ಮಾಡಿದ ದಿನ, ಮೊದಲ ಸಲ ಆ ಹಾಡು ಹಾಕಿದೆ. ಹಾಡು ಮುಗಿದ ಮೇಲೆ ವಕೀಲರ ದನಿ: “ಮಗನಿಗೆ ಕೇಳಿಸುವುದಾ ಅಮ್ಮ?”

“ಈಗ ಬೇಡ ವಕೀಲರೇ. ಹೊಟ್ಟೆಕಿಚ್ಚಿನ ಮುಂಡೇದು ಅದು. ಹಾಡಿದ್ದೆಲ್ಲ ಅವನಿಗೋಸ್ಕರಾನೇ. ನಾನು ಹೋದ್ಮೇಲೆ ಹುಡುಕ್ತಾನೆ, ಆಗ ಕೊಡಿ. ಅಲ್ಲೀವರ್ಗೂ ಜೋಪಾನ.”

ಜೋಪಾನ ಮಾಡಿ ತಂದುಕೊಟ್ಟಿದ್ದರು. ಕೇಳಿದೆ ಸಾರ್ ಎಂದು ಹೇಳೋಣವೆಂದರೆ ಅವರೇ ಇರಲಿಲ್ಲ.